ನೋಡದೆ ಬರೆದ ಮರ

ಪ್ರಯೋಗಾಲಯದಲ್ಲಿ ಭಾನುಮತಿಯ ಕೈಕೆಳಗೆ ಕೆಲಸ ಕಲಿತವರಿಗೆಲ್ಲ ಮೊದಲ ದಿನವೇ ಎರಡು ಮಾತು ಬಾಯಿಪಾಠವಾಗುತ್ತಿತ್ತು. ನೋಡದೆ ಬರೆಯಬೇಡ. ಬರೆದದ್ದು ತಪ್ಪಾದರೆ ಅಳಿಸಬೇಡ.

ಎರಡನೆಯ ಮಾತಿಗೊಂದು ಕ್ರಮವಿತ್ತು. ತಪ್ಪಿದ ಪದದ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಗೆರೆಯ ಅಡಿಯ ತಪ್ಪು ನಾಳೆ ಬಂದವನಿಗೂ ಓದಲು ಸಿಗಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಜತೆಗೆ ತಪ್ಪಿದ್ದೇಕೆ ಎಂಬ ಕಾರಣ. ತಪ್ಪಿನ ಮೇಲೆ ಬಿಳಿ ಬಣ್ಣ ಬಳಿದವರಿಗೆ, ಪುಟ ಹರಿದವರಿಗೆ ಅವಳು ಬೈದ ಬೈಗುಳ ಪ್ಯಾಕಿಂಗ್ ವಿಭಾಗದವರೆಗೂ ಕೇಳಿಸುತ್ತಿತ್ತು.

ನಂಜನಗೂಡಿನ ಸರ್ಕಾರಿ ಆಸ್ಪತ್ರೆಯ ಕಂಪೌಂಡರ್ ಒಬ್ಬರ ಮಗಳು. ಮೈಸೂರಿನಲ್ಲಿ ಫಾರ್ಮಸಿ ಓದಿ, ಮದುವೆಯಾಗಿ, ಗಂಡನ ಬ್ಯಾಂಕ್ ಕೆಲಸದ ಹಿಂದೆ ನೈರೋಬಿಗೆ ಬಂದು ಏಳು ವರ್ಷ. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮವರೇ ನಡೆಸುವ ಔಷಧ ಕಾರ್ಖಾನೆಯೊಂದರಲ್ಲಿ ಅವಳ ಕೆಲಸ. ಕೆಮ್ಮಿನ ಸಿರಪ್ಪಿಗೆ ಬಂದ ಜ್ಯೇಷ್ಠಮಧು ನಿಜಕ್ಕೂ ಜ್ಯೇಷ್ಠಮಧುವೋ, ಆಡುಸೋಗೆಯ ಸೊಪ್ಪಿನಲ್ಲಿ ಯಾವನಾದರೂ ಬೇಲಿ ಸೊಪ್ಪು ಬೆರೆಸಿದ್ದಾನೋ ಎಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಪತ್ತೆ ಮಾಡುವುದು. ಇಡೀ ಗಿಡ ನೋಡಿದ್ದಕ್ಕಿಂತ ಪುಡಿಯಾದ ಗಿಡ ನೋಡಿದ್ದೇ ಹೆಚ್ಚು. ಚಿಟಿಕೆ ಪುಡಿ ಕೊಟ್ಟರೆ ಬೇರಿನದೋ ತೊಗಟೆಯದೋ ಹೇಳಿಬಿಡುವಳು.

ಇಂಥ ಭಾನುಮತಿಯನ್ನು ೨೦೦೪ರ ಜುಲೈ ತಿಂಗಳ ಒಂದು ಮಂಗಳವಾರ ಜನರಲ್ ಮ್ಯಾನೇಜರ್ ಮಧುಕರ ತನ್ನ ಕೋಣೆಗೆ ಕರೆಸಿದ. ಹೊರಗೆ ಜುಲೈ ತಿಂಗಳ ಬೂದು ಆಕಾಶ, ಸ್ವೆಟರಿನ ಒಳಕ್ಕೂ ಇಳಿಯುವ ಚಳಿ.

"ಬನ್ನಿ ಭಾನುಮತಿ, ಕೂತ್ಕೊಳ್ಳಿ. ಟೀ ಹೇಳ್ಲಾ?"

"ಬೇಡ ಸರ್, ಒಲೆ ಮೇಲೆ ಸ್ಯಾಂಪಲ್ ಇಟ್ಟು ಬಂದಿದ್ದೀನಿ."

"ಎರಡೇ ನಿಮಿಷ. ಕರೆನ್ ಮನೇದು ಒಂದು ಸಣ್ಣ ತಾಪತ್ರಯ."

ಮೇಜಿನ ಮೇಲೊಂದು ಜೆರಾಕ್ಸ್ ಹಾಳೆ. ತಲೆಕೆಳಗಾಗಿದ್ದರೂ ಅಕ್ಷರ ತನ್ನದೆಂದು ಭಾನುಮತಿಗೆ ತಿಳಿಯಿತು. ಮೂರು ವರ್ಷದ ಹಿಂದೆ ಮಧುಕರನ ವಾಸಕ್ಕೆಂದು ಕಂಪನಿ ಕರೆನ್ ಬಡಾವಣೆಯಲ್ಲಿ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದಾಗ, ಮಾಲೀಕನ ಏಜೆಂಟು ಆವರಣದಲ್ಲಿರುವ ಮರಗಳ ಪಟ್ಟಿ ಬೇಕೆಂದಿದ್ದ. 'ನಮ್ಮ ಮೇಡಂಗೆ ಗಿಡಮೂಲಿಕೆ ಎಲ್ಲ ಗೊತ್ತು' ಎಂದು ಮಧುಕರನೇ ಅವಳನ್ನು ಕರೆದೊಯ್ದಿದ್ದ. ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಅವಳು ಒಂದು ಸುತ್ತು ಹಾಕಿ ಬರೆದುಕೊಟ್ಟಿದ್ದಳು. ಜಕರಂಡಾ ಮೂರು. ಬೆಣ್ಣೆಹಣ್ಣು ಎರಡು. ಬಾಟಲ್ ಬ್ರಷ್ ಒಂದು. ಕೊನೆಯ ಸಾಲು: ಸೀಡರ್ ಒಂದು, ಈಶಾನ್ಯ ಮೂಲೆ. ಅಡಿಯಲ್ಲಿ ಸಹಿ, ಸಹಿಯ ಕೆಳಗೆ ಪದವಿ.

"ಕೊನೇದಿದೆಯಲ್ಲ, ಆ ಮರ ಈಗಿಲ್ಲ," ಎಂದ ಮಧುಕರ. "ಏಜೆಂಟ್ ಮೊನ್ನೆ ಬಂದು ನೋಡಿ ಅರಣ್ಯದೋರಿಗೆ ಕಂಪ್ಲೇಂಟ್ ಕೊಟ್ಟಿದ್ದಾನೆ. ಸೀಡರ್ ಅಂದ್ರೆ ಇಲ್ಲಿಯ ಸ್ವಂತ ಮರವಂತೆ, ಪರ್ಮಿಟ್ ಇಲ್ದೆ ಮುಟ್ಟೋ ಹಾಗಿಲ್ಲವಂತೆ. ನಮ್ಮ ತೋಟದ ಮುಟಿಸೊ ಕಡಿದು ಮಾರ್ಕೊಂಡಿದ್ದಾನೆ. ನಿನ್ನೆ ಎತ್ತಾಕ್ಕೊಂಡು ಹೋದ್ರು. ಶುಕ್ರವಾರ ಕೋರ್ಟು."

"ಮುಟಿಸೊನಾ?"

"ಮತ್ತೆ ಯಾರು? ನಾವು ಮೊಂಬಾಸಕ್ಕೆ ಹೋಗಿದ್ದಾಗ ಮಾಡಿದ್ದಾನೆ. ಈ ಜನಾನೇ ಹೀಗೆ. ಆಯ್ತು, ಈಗ ನಿಮ್ಮದೊಂದು ಸಹಿ ಬೇಕು." ಟೈಪ್ ಮಾಡಿಸಿಟ್ಟ ಕಾಗದವನ್ನು ಅವಳ ಕಡೆ ತಳ್ಳಿದ. ಪಟ್ಟಿಯಲ್ಲಿರುವ ಮರಗಳನ್ನು ತಾನು ಖುದ್ದಾಗಿ ಪರೀಕ್ಷಿಸಿ ಹೆಸರಿಸಿದ್ದೇನೆ, ಪಟ್ಟಿ ಸರಿಯಾಗಿದೆ ಎಂದು ಅದರಲ್ಲಿತ್ತು.

ಖುದ್ದಾಗಿ ಪರೀಕ್ಷಿಸಿ. ಭಾನುಮತಿ ಪೆನ್ನು ಎತ್ತಲಿಲ್ಲ.

ಅವಳಿಗೆ ಎರಡು ದಿನಗಳು ಒಟ್ಟಿಗೇ ನೆನಪಾದವು. ಒಂದು, ಪಟ್ಟಿ ಮಾಡಿದ ದಿನ. ಈಶಾನ್ಯದ ಆ ಮೂಲೆಗೆ ಹೋಗಬೇಕಾದರೆ ಆಳುಗಳ ಮನೆಯ ಹಿಂದೆ, ಒಗೆದ ನೀರು ನಿಂತ ರಾಡಿಯಲ್ಲಿ ಕಾಲಿಡಬೇಕಿತ್ತು. ಅವಳು ಉಟ್ಟಿದ್ದು ಮೈಸೂರು ಸಿಲ್ಕ್. ವರಾಂಡದಲ್ಲೇ ನಿಂತು, ಮಾಡಿನ ಮೇಲೆ ಗೋಪುರದಂತೆ ಕಾಣುತ್ತಿದ್ದ ಕಪ್ಪು ಹಸಿರಿನ ತುದಿಯನ್ನು ನೋಡಿ 'ಸೀಡರ್' ಎಂದು ಬರೆದಿದ್ದಳು.

ಇನ್ನೊಂದು, ಈ ವರ್ಷದ ಯುಗಾದಿ. ಮಧುಕರನ ಮನೆಯಲ್ಲಿ ಹೋಳಿಗೆ ಊಟ. ಡೈರೆಕ್ಟರ್ ಹುದ್ದೆ ಎರಡು ವರ್ಷದಿಂದ ಕೈಗೆಟುಕದೆ ಹೋಗಿದ್ದಕ್ಕೆ ಮನೆಯ ವಾಸ್ತುವೇ ಕಾರಣವೆಂದು ಅವನಿಗೆ ಯಾರೋ ಹೇಳಿದ್ದರು. ಬೆಂಗಳೂರಿನ ವಾಸ್ತು ಪಂಡಿತರೊಬ್ಬರು ಸ್ಪೀಕರ್ ಫೋನಿನಲ್ಲಿದ್ದರು. ಭೂಮಧ್ಯರೇಖೆ ದಾಟಿ ಬಂದರೂ ಈಶಾನ್ಯ ನಮ್ಮವರ ಬೆನ್ನು ಬಿಟ್ಟಿರಲಿಲ್ಲ.

'ಈಶಾನ್ಯದಲ್ಲಿ ಎತ್ತರದ್ದು ಏನಾದ್ರೂ ಇದೆಯಾ?' ಎಂದಿತು ಫೋನು.

'ಒಂದು ಮರ ಇದೆ ಗುರುಗಳೇ.'

'ಮತ್ತೆ ಹೇಗ್ರೀ ಏಳ್ಗೆ ಆಗತ್ತೆ? ಮೊದ್ಲು ಅದನ್ನ ತೆಗೆಸಿ.'

ಮಧುಕರ ಎಂಜಲು ಕೈಯಲ್ಲೇ ಎದ್ದು, ಕಿಟಕಿಯಿಂದ ಮುಟಿಸೊನನ್ನು ಕೂಗಿ ಹೇಳಿದ್ದ: 'ಕಟಾ ಹಿ ಮ್ಟಿ. ಸಾವಾ?' ಈ ಮರ ಕಡಿ, ಆಯ್ತಾ? ಮುಟಿಸೊ ಟೋಪಿ ತೆಗೆದು, ಅದು ಈ ಬಂಗಲೆಯ ಹಳೆಯ ಅಮ್ಮನ ಮರ ಬ್ವಾನಾ, ಯಜಮಾನರೇ, ಎಂದೇನೋ ಹೇಳಿದ. ಮಧುಕರ ಕಿಟಕಿ ಮುಚ್ಚಿದ. ಹನ್ನೆರಡು ಜನ ಕನ್ನಡಿಗರು ಉಣ್ಣುತ್ತಿದ್ದರು. ಹನ್ನೆರಡೂ ಜನರ ಕಿವಿಗೆ ಬಿದ್ದಿತ್ತು. ಭಾನುಮತಿ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು.

"ಸರ್," ಎಂದಳು ಈಗ. "ಬುಡ ಒಂದ್ಸಲ ನೋಡಿ ಸಹಿ ಹಾಕ್ತೀನಿ."

"ಬುಡ ನೋಡೋದೇನ್ರಿ? ನೀವೇ ಬರ್ದಿರೋದು ತಾನೇ?"

"ಹೌದು ಸರ್. ಅದಕ್ಕೇ."

ಮಧುಕರ ಕುರ್ಚಿಗೆ ಒರಗಿ ನಕ್ಕ. "ನೋಡಿ, ಅವನು ನಾಲ್ಕು ದಿನ ಒಳಗಿದ್ದು ಬರ್ತಾನೆ. ಅವರಿಗೆಲ್ಲ ಅಭ್ಯಾಸ. ನಿಮ್ಮ ವರ್ಕ್ ಪರ್ಮಿಟ್ ಆಗಸ್ಟಿಗಲ್ವಾ? ಫೈಲು ಇಲ್ಲೇ ಇದೆ, ನಾನೇ ನೋಡ್ತಿದ್ದೀನಿ. ಗುರುವಾರ ಸಂಜೆಯೊಳಗೆ ಸಹಿ ಹಾಕಿ ಕಳಿಸಿ."

ಬೆದರಿಕೆಯನ್ನು ಉಪಕಾರದ ಹಾಗೆ ಹೇಳುವ ಕಲೆಯನ್ನು ನಮ್ಮ ಮ್ಯಾನೇಜರುಗಳು ಯಾವ ಕಾಲೇಜಿನಲ್ಲಿ ಕಲಿಯುತ್ತಾರೋ!

ಸಂಜೆ ಗೇಟಿನ ಹೊರಗೆ, ಹುರಿದ ಜೋಳ ಮಾರುವವಳ ಪಕ್ಕದಲ್ಲಿ ಒಬ್ಬ ಹೆಂಗಸು ಕಾದು ನಿಂತಿದ್ದಳು. ಮುಟಿಸೊನ ಹೆಂಡತಿ ಎನ್‌ಡುಕು. ಕಾವಲುಗಾರ ಒಳಗೆ ಬಿಟ್ಟಿರಲಿಲ್ಲ. ಭಾನುಮತಿಯ ಕಾರು ಗುರುತಿಸಿ ಅಡ್ಡ ಬಂದಳು. ಸ್ವಾಹಿಲಿಯಲ್ಲೇ, ನಿಧಾನವಾಗಿ, ಅರ್ಥವಾಗಲಿ ಎಂದು ಬಿಡಿಸಿ ಹೇಳಿದಳು. ಆ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ.

"ಮಾಮಾ, ಕಾಗದದಲ್ಲಿ ನಿಮ್ಮ ಹೆಸರಿದೆಯಂತೆ. ಅದು ಸೀಡರ್ ಅಲ್ಲ ಅಂತ ನಮ್ಮ ಯಜಮಾನರು ಹೇಳುತ್ತಲೇ ಇದ್ದಾರೆ. ಮ್ಟಿ ವಾ ಚೀನಾ ಅಂತಾರೆ. ಚೀನಾದ ಮರ."

"ಚೀನಾದ್ದಾ? ಯಾರು ಹೇಳಿದ್ದು?"

"ಬಂಗಲೆಯಲ್ಲಿ ಮೊದಲಿದ್ದ ಬಿಳಿ ಅಮ್ಮ. ನಮ್ಮ ಯಜಮಾನರ ತಂದೆಗೂ ಆಕೆಯೇ ಹೇಳಿದ್ದಂತೆ. ಠಾಣೆಯಲ್ಲಿ ಹೇಳಿದರೆ ಪೊಲೀಸರು ನಗುತ್ತಾರೆ. ರೇಡಿಯೋ ಚೀನಾದ್ದು, ಚಪ್ಪಲಿ ಚೀನಾದ್ದು, ಈಗ ಮರವೂ ಚೀನಾದ್ದಾ ಅಜ್ಜಾ ಅಂತ." ಎನ್‌ಡುಕು ನಗಲಿಲ್ಲ. "ಸೀಡರ್ ಅಂದರೆ ಜೈಲು. ಅವರಿಗೆ ಐವತ್ತೆರಡು ವರ್ಷ, ಎದೆಯ ಕಾಯಿಲೆ. ಈ ಚಳಿಯಲ್ಲಿ ಸಿಮೆಂಟಿನ ಮೇಲೆ ಮಲಗಿಸಿದ್ದಾರೆ. ನೀವು ಓದಿದವರು. ನೀವು ನೋಡಿದ್ದೀರಲ್ಲ ಮರ?"

ಭಾನುಮತಿ ಕಾರಿನ ಗೇರು ಹಾಕಿದಳು. ಎರಡು ಫರ್ಲಾಂಗು ಹೋದ ಮೇಲೆ, ಹಳದಿ ಪಟ್ಟೆಯ ಮಟಾಟು ವ್ಯಾನುಗಳು ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದರೂ, ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗ್ ಹಿಡಿದು ಕೂತಳು.

ಎಂಬಕಸಿಯ ಫ್ಲಾಟಿನಲ್ಲಿ ಗಂಡ ದ್ವಾರಕಾನಾಥ್ ಆಗಲೇ ಬಂದಿದ್ದ. ಎಲ್ಲವನ್ನೂ ಕೇಳಿ ಟಿವಿಯ ಸದ್ದು ಕಡಿಮೆ ಮಾಡಿದ.

"ಭಾನು, ನೀನು ಸಹಿ ಹಾಕ್ಬೇಡ. ರಜಾ ಹಾಕ್ಬಿಡು. ಹುಷಾರಿಲ್ಲ ಅನ್ನು. ಶನಿವಾರದ ಹೊತ್ತಿಗೆ ಎಲ್ಲ ತಣ್ಣಗಾಗಿರತ್ತೆ."

"ಶುಕ್ರವಾರ ಅವನನ್ನ ಜೈಲಿಗೆ ಕಳಿಸ್ತಾರೆ ರೀ."

"ನೀನೇನು ಕಡಿದ್ಯಾ?"

"ನಾನು ಬರೆದೆ."

"ಮೂರು ವರ್ಷದ ಹಿಂದೆ ಬರೆದ ಒಂದು ಪದ!"

"ಆ ಪದ ಒಂದು ಬಿಟ್ರೆ ಅವನ ಮೇಲೆ ಬೇರೆ ಏನೂ ಇಲ್ಲ. ಮರ ಹೋಗಿದೆ. ಉಳಿದಿರೋದು ನನ್ನ ಸಹಿ ಮಾತ್ರ."

ದ್ವಾರಕಾನಾಥ್ ಕೆಟ್ಟವನಲ್ಲ. ನಮ್ಮಲ್ಲಿ ಬಹುಪಾಲು ಜನ ಕೆಟ್ಟವರಲ್ಲ, ಶನಿವಾರಕ್ಕೆ ಕಾಯುವವರು. "ಕೆಲಸ ಹೋಗತ್ತೆ ನಿಂದು," ಎಂದಷ್ಟೇ ಹೇಳಿ ಅವನು ಚಪಾತಿ ಹಿಟ್ಟು ಕಲೆಸಲು ಎದ್ದ.

ಬುಧವಾರ ಬೆಳಿಗ್ಗೆ ಭಾನುಮತಿ ಅರಣ್ಯ ಅಧಿಕಾರಿಗೆ ಫೋನು ಮಾಡಿದಳು. ಹೆಸರು ಕಿಪ್ರೋನೊ. ಬೇಸತ್ತ ದನಿ.

"ಪಟ್ಟಿ ಬರೆದವರು ನೀವೇ. ಈಗ ಸೀಡರ್ ಅಲ್ಲದಿರಬಹುದು ಅನ್ನುತ್ತಿದ್ದೀರಿ. ಮೇಡಂ, ಆರೋಪಿಯ ಪರವಾಗಿ 'ಅಲ್ಲ' ಅನ್ನಲು ಎಲ್ಲರೂ ಬರುತ್ತಾರೆ. ಅಲ್ಲ ಅನ್ನುವುದು ಬೇಡ, ಏನು ಅನ್ನುವುದನ್ನು ಹೇಳಿ. ಮರದ ಹೆಸರು, ಅದರ ಊರು, ಹೇಗೆ ಗೊತ್ತಾಯಿತು ಎಂಬುದು. ಶುಕ್ರವಾರ ಒಂಬತ್ತಕ್ಕೆ."

ಹತ್ತು ಗಂಟೆಗೆ ಅವಳು ಕರೆನ್‌ನಲ್ಲಿದ್ದಳು. ಬಾಗಿಲು ತೆರೆದವಳು ಮಧುಕರನ ಹೆಂಡತಿ ಊರ್ಮಿಳಾ.

"ಏನು ಭಾನುಮತಿ, ಈ ಹೊತ್ತಲ್ಲಿ? ಅವರು ಆಫೀಸಲ್ಲೇ ಇದ್ದಾರಲ್ಲ."

"ಈಶಾನ್ಯದ ಬುಡ ನೋಡ್ಬೇಕಿತ್ತು."

ಊರ್ಮಿಳಾ ಬಾಗಿಲಿಗೆ ಅಡ್ಡವಾಗಿಯೇ ನಿಂತಳು. ಆಮೇಲೆ ಒಳಗೆ ತಿರುಗಿ, "ಹಿಂದ್ಗಡೆ ಗೇಟು ತೆಗೆದೇ ಇದೆ. ನಾನಂತೂ ನಿಮ್ಮನ್ನ ನೋಡ್ಲಿಲ್ಲ," ಎಂದು ಅಡುಗೆಮನೆಗೆ ಹೋದಳು.

ಮೂರು ವರ್ಷದ ಹಿಂದೆ ಕಾಲಿಡದ ರಾಡಿಯಲ್ಲಿ ಭಾನುಮತಿ ಈಗ ಪಾದ ಮುಳುಗಿಸಿ ನಡೆದಳು. ಬುಡ ಮೊಣಕಾಲೆತ್ತರ, ಮೇಲ್ಮೈ ಗಾಳಿಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಾಗ, ಒಂದೇ ಒಂದು ಗಳಿಗೆ, ಇದು ಸೀಡರೇ ಆಗಿರಲಿ ಎಂದು ಅವಳ ಮನಸ್ಸು ಬಯಸಿತು. ತನ್ನ ಸಹಿ ಸರಿಯಾಗಿರಲಿ. ಹಾಗೆ ಬಯಸಿದರೆ ಐವತ್ತೆರಡರ ಆ ಮನುಷ್ಯ ಜೈಲಿಗೆ ಹೋಗಲಿ ಎಂದೇ ಬಯಸಿದಂತೆ ಎಂಬುದು ಹೊಳೆಯಿತು.

ಚಾಕುವಿನಿಂದ ಮೇಲ್ಪದರ ಕೆತ್ತಿದಳು. ಒಳಗೆ ಹಾಲುಬಿಳಿ. ಈ ನಾಡಿನ ಸೀಡರ್ ಕೆಂಪಗಿರುತ್ತದೆ; ಅದರಿಂದಲೇ ಒಂದು ಕಾಲಕ್ಕೆ ಪೆನ್ಸಿಲ್ ಮಾಡುತ್ತಿದ್ದರು, ಕೆತ್ತಿದರೆ ಪೆನ್ಸಿಲ್ ಚೂಪು ಮಾಡಿದ ವಾಸನೆ ಹೊಡೆಯುತ್ತದೆ. ಇದು ಬಿಳಿ. ಮೂಗಿಗೆ ತಾಗಿಸಿದರೂ ಬರೀ ರಾಳದ ಎಳೆ ವಾಸನೆ. ಏಜೆಂಟು ಬಂದಿದ್ದ, ಪೊಲೀಸರು ಬಂದಿದ್ದರು. ಯಾರೂ ಬಗ್ಗಿರಲಿಲ್ಲ. ಕಾಗದದಲ್ಲಿ ಬರೆದಿದೆಯಲ್ಲ, ಮತ್ತೆ ಬಗ್ಗುವುದೇಕೆ?

ಬುಡದ ಸುತ್ತಲಿನ ಮಣ್ಣು ಕೆದಕಿದಳು. ಬೆರಳುದ್ದದ ನಾಲ್ಕು ಒಣ ಕಡ್ಡಿ, ಒಂದು ಹಿಡಿ ಕಂದುಬಣ್ಣದ ಸೂಜಿ ಎಲೆ. ಕಡ್ಡಿಯ ಮೇಲೆ ಬೆರಳಾಡಿಸಿದರೆ ಅರದ ಹಾಗೆ ಒರಟು: ಉದುರಿದ ಪ್ರತಿ ಎಲೆಯೂ ಒಂದು ಪುಟ್ಟ ಮೊಳೆಯನ್ನು ಬಿಟ್ಟುಹೋಗಿತ್ತು. ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದಳು. ಚಪ್ಪಟೆಯಾಗಿದ್ದರೆ ಜಾರುತ್ತಿತ್ತು. ಇದು ಉರುಳಿತು, ನಾಲ್ಕು ಮೂಲೆಯೂ ಬೆರಳಿಗೆ ಸಿಕ್ಕಿತು. ಮೊಳೆ ಬಿಡುವ ಕಡ್ಡಿ, ನಾಲ್ಕು ಮೂಲೆಯ ಎಲೆ. ಮೈಸೂರಿನ ಪಾಠದ ಯಾವುದೋ ಮೂಲೆಯಿಂದ ಹೆಸರು ಎದ್ದು ಬಂತು: ಸ್ಪ್ರೂಸ್. ಹಿಮದ ನಾಡಿನ ಮರ. ಆಫ್ರಿಕಾದ ಈ ಭಾಗದಲ್ಲಿ ಯಾರೋ ತಂದು ನೆಡದಿದ್ದರೆ ಇರಲು ಸಾಧ್ಯವೇ ಇಲ್ಲ.

ಆದರೆ ಸ್ಪ್ರೂಸ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿ. 'ಏನು' ಅನ್ನುವುದನ್ನು ಹೇಳಿ ಎಂದಿದ್ದ ಕಿಪ್ರೋನೊ.

ಗುರುವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಎಲೆಗಳನ್ನು ನೀರಲ್ಲಿ ಕುದಿಸಿ ಮೆತ್ತಗೆ ಮಾಡಿದಳು. ಕ್ಯಾರೆಟ್ ತುಂಡನ್ನು ಸೀಳಿ, ನಡುವೆ ಎಲೆ ಸಿಕ್ಕಿಸಿ, ಬ್ಲೇಡಿನಿಂದ ಕಾಣಿಸದಷ್ಟು ತೆಳುವಾಗಿ ಕೊಯ್ದಳು. ಸೂಕ್ಷ್ಮದರ್ಶಕದ ಕೆಳಗೆ ವಜ್ರದಾಕಾರ ಮೂಡಿತು. ಎಲೆ ಉಸಿರಾಡುವ ರಂಧ್ರಗಳ ಸಾಲನ್ನು ಎಣಿಸತೊಡಗಿದಳು. ಎರಡು ಮುಖದಲ್ಲಿ ಐದೈದು. ಉಳಿದೆರಡರಲ್ಲಿ ಒಂದೋ ಎರಡೋ, ಒಣಗಿ ಮಾಸಿದ್ದರಿಂದ ನಿಶ್ಚಯವಿಲ್ಲ. ಮತ್ತೊಂದು ಎಲೆ. ಅದೂ ಹಾಗೆಯೇ.

ಹಿಂದೆ ನೆರಳು ಬಿತ್ತು. ಮಧುಕರ.

"ಏನಿದು, ಕ್ಯಾರೆಟ್ ಸಾಂಬಾರಾ?"

"ಸೆಕ್ಷನ್ ತೆಗೀತಿದ್ದೀನಿ ಸರ್."

ಅವನು ಕಡ್ಡಿಗಳನ್ನು ನೋಡಿದ. ಆಮೇಲೆ ಅವಳ ಕೆಸರು ಒಣಗಿದ ಚಪ್ಪಲಿಯನ್ನು ನೋಡಿದ. "ಕಂಪನಿ ಸಮಯದಲ್ಲಿ, ಕಂಪನಿ ಸಾಮಾನಲ್ಲಿ. ಆಯ್ತು. ಆ ಕಾಗದ ಎಲ್ಲಿ?"

"ಸಂಜೆವರೆಗೂ ಟೈಮ್ ಕೊಟ್ಟಿದ್ದಿರಿ."

"ಅವನಿಗೆ ನೀವೇನು ನೆಂಟರಾ? ನಾಳೆ ನಿಮಗೆ ತೊಂದ್ರೆಯಾದ್ರೆ ಮುಟಿಸೊ ಬರ್ತಾನಾ? ನಾನೇ ಬರ್ಬೇಕು. ನೆನಪಿರ್ಲಿ."

"ಸರ್, ಯುಗಾದಿ ದಿನ ನೀವು ಕಿಟಕಿಯಿಂದ ಹೇಳಿದ್ದು ನನಗೆ ಕೇಳಿಸ್ತು."

ಮಧುಕರನ ಮುಖದಲ್ಲಿ ಸಿಟ್ಟಿಗಿಂತ ಮೊದಲು ಆಶ್ಚರ್ಯ ಬಂತು. ಕೇಳಿಸಿದ್ದನ್ನು ಕೇಳಿಸಿತು ಎಂದು ಯಾರಾದರೂ ಹೇಳಿಯಾರೆಂದು ಅವನು ಎಣಿಸಿಯೇ ಇರಲಿಲ್ಲ. "ಅವತ್ತು ಹನ್ನೆರಡು ಜನ ಇದ್ರು," ಎಂದ ಕೊನೆಗೆ. "ಇನ್ನೊಬ್ಬರನ್ನ ಕರ್ಕೊಂಡು ಬನ್ನಿ ನೋಡೋಣ." ಬಾಗಿಲು ಬಡಿದು ಹೋದ.

ಅವನ ಮಾತು ಸುಳ್ಳಲ್ಲ. ಅವಳು ಮಧ್ಯಾಹ್ನ ಇಬ್ಬರಿಗೆ ಫೋನು ಮಾಡಿ ನೋಡಿದಳು. ಒಬ್ಬರಿಗೆ ನೆನಪಿರಲಿಲ್ಲ. ಇನ್ನೊಬ್ಬರಿಗೆ ಅವತ್ತು ತಾವು ಬಂದದ್ದೇ ನೆನಪಿರಲಿಲ್ಲ.

ಊಟದ ಡಬ್ಬಿ ತೆರೆಯದೆ ಅವಳು ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ ಹೋದಳು. ಅಲ್ಲಿ ಮಿಸೆಸ್ ಅಕಿನ್ಯಿ ಎಂಬ ವಯಸ್ಸಾದ ಸಸ್ಯತಜ್ಞೆ, ಮೂಗಿನ ತುದಿಯ ಕನ್ನಡಕದ ಮೇಲಿನಿಂದ ಕಡ್ಡಿಗಳನ್ನು ನೋಡಿ, ದಪ್ಪ ಪುಸ್ತಕವೊಂದನ್ನು ಅವಳ ಮುಂದೆ ಇಟ್ಟರು.

"ಸ್ಪ್ರೂಸ್ ಅನ್ನುವುದು ಸರಿ. ಮುಂದಿನದನ್ನು ನಾನು ಹೇಳಲಾರೆ, ನಮ್ಮಲ್ಲಿ ಹೋಲಿಸಲು ಮಾದರಿಯಿಲ್ಲ. ಪುಸ್ತಕ ಕೇಳುತ್ತಾ ಹೋಗುತ್ತದೆ, ನೀವು ಉತ್ತರ ಹೇಳುತ್ತಾ ಹೋಗಿ. ಅಂದಾಜು ಮಾತ್ರ ಬೇಡ. ಎಲ್ಲಿಯದು ಅಂತ ಏನಾದರೂ ಗೊತ್ತೇ?"

ಭಾನುಮತಿ ತಡೆದಳು. ಪೊಲೀಸರು ನಕ್ಕ ಮಾತು. "ತೋಟದವನು ಚೀನಾ ಅನ್ನುತ್ತಾನೆ."

"ಹಾಗಾದರೆ ಅಲ್ಲಿಂದಲೇ ಶುರು ಮಾಡಿ," ಎಂದರು ಅಕಿನ್ಯಿ, ಅದರಲ್ಲಿ ನಗುವಂಥದ್ದೇನೂ ಇಲ್ಲವೆಂಬಂತೆ. "ನೀರು ಹಾಕಿದವನಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತದೆ?"

ಎಲೆ ಚಪ್ಪಟೆಯೋ, ನಾಲ್ಕು ಮೂಲೆಯೋ? ನಾಲ್ಕು ಮೂಲೆ. ಉದ್ದ? ಹನ್ನೆರಡು ಮಿಲಿಮೀಟರ್, ಹಾಗಾದರೆ ಉದ್ದ ಎಲೆಯ ಹಿಮಾಲಯದ ಸ್ಪ್ರೂಸ್ ಅಲ್ಲ. ಕಡ್ಡಿಗೆ ರೋಮ ಇದೆಯೋ? ಮಸೂರ ಹಿಡಿದಳು. ಇದೆ. ಹೀಗೆ ಕಳಚುತ್ತ ಕಳಚುತ್ತ ಚೀನಾದ ಎರಡು ಜಾತಿಗಳು ಉಳಿದವು. ಒಂದರಲ್ಲಿ ನಾಲ್ಕೂ ಮುಖಕ್ಕೆ ರಂಧ್ರದ ಸಾಲು ಸರಿಸಮ, ಕಾಯಿಯ ಮೇಲೆ ಹೆಂಚಿನಂತೆ ಜೋಡಿಸಿದ ಹೊಪ್ಪಳೆ ಗಡಸು, ಅಂಚು ದುಂಡು. ಇನ್ನೊಂದರಲ್ಲಿ ಸಾಲು ಎರಡು ಮುಖಕ್ಕೆ ಹೆಚ್ಚು, ಎರಡಕ್ಕೆ ಕಡಿಮೆ, ಹೊಪ್ಪಳೆ ಕಾಗದದಷ್ಟು ತೆಳು, ಅಂಚು ಅಲೆಯಲೆ. ಸಾಲಿನ ವಿಷಯದಲ್ಲಿ ಅವಳಿಗೆ ನಿಶ್ಚಯವಿರಲಿಲ್ಲ. ಕಾಯಿ ಬೇಕಿತ್ತು. ಮರವೇ ಇಲ್ಲದ ಮರದ ಕಾಯಿ.

ಆಗ ಅವಳಿಗೆ ಮನೆಯ ಶೋಕೇಸ್ ನೆನಪಾಯಿತು.

ಮಗಳು ಸಾನ್ವಿ, ಹತ್ತು ವರ್ಷ, ಹೋದ ಡಿಸೆಂಬರಿನಲ್ಲಿ ಮಧುಕರನ ಮನೆಯಿಂದ ಒಂದು ಕಾಯಿ ತಂದು, ಶಾಲೆಯ ಕ್ರಿಸ್ಮಸ್ ಅಲಂಕಾರಕ್ಕೆಂದು ಚಿನ್ನದ ಬಣ್ಣ ಬಳಿದಿದ್ದಳು. ಬಹುಮಾನ ಬಂದಿತ್ತು. ಭಾನುಮತಿ ಮನೆಗೆ ಬಂದವಳೇ ಅದನ್ನು ಕೈಗೆತ್ತಿಕೊಂಡಳು.

"ಅಮ್ಮಾ, ನೋ! ದಟ್ಸ್ ಮೈನ್."

"ಸಾನ್ವಿ, ಇದರ ಬಣ್ಣ ತೆಗೀಬೇಕು ಪುಟ್ಟ. ಇದನ್ನ ಎಲ್ಲಿಂದ ತಂದೆ, ಸರಿಯಾಗಿ ನೆನಪಿದೆಯಾ?"

"ಮುಟಿಸೊ ಗೇವ್ ಇಟ್ ಟು ಮೀ. ಫ್ರಮ್ ದಿ ಟಾಲ್ ಟ್ರೀ ಬಿಹೈಂಡ್ ಹಿಸ್ ಹೌಸ್. ವೈ?"

"ಆ ಮರ ಯಾವುದು ಅಂತ ಗೊತ್ತಾಗದಿದ್ರೆ ಮುಟಿಸೊನ ಜೈಲಿಗೆ ಹಾಕ್ತಾರೆ."

ಹುಡುಗಿ ಕಾಯಿಯನ್ನೂ ಅಮ್ಮನನ್ನೂ ಒಮ್ಮೆ ನೋಡಿದಳು. "ಬಟ್ ಯು ನೋ ಆಲ್ ದಿ ಪ್ಲಾಂಟ್ಸ್," ಎಂದಳು. ಮಗುವಿನ ಮಾತು, ಕೊಂಕೇನೂ ಇರಲಿಲ್ಲ. ಹಾಗಾಗಿಯೇ ಇರಿಯಿತು. ಆಮೇಲೆ ತಾನೇ ಹೋಗಿ ಉಗುರು ಬಣ್ಣ ತೆಗೆಯುವ ದ್ರಾವಣದ ಸೀಸೆ ತಂದುಕೊಟ್ಟಳು.

ದ್ವಾರಕಾನಾಥ್ ಹತ್ತಿ ಉಂಡೆ ಮಾಡಿಕೊಟ್ಟ. ಶನಿವಾರಕ್ಕೆ ಕಾಯುವವನ ಕೈಯಾದರೂ ಗುರುವಾರಕ್ಕೆ ಬಂದಿತ್ತು. ಚಿನ್ನ ಕರಗಿ ಹೋಗುತ್ತಿದ್ದಂತೆ ಕಂದುಬಣ್ಣ ಎದ್ದಿತು. ಭಾನುಮತಿ ಹೊಪ್ಪಳೆಯೊಂದನ್ನು ಉಗುರಿನಿಂದ ಮಡಚಿದಳು. ಗಡಸಾಗಿದ್ದರೆ ಮುರಿಯಬೇಕು. ಮುರಿಯಲಿಲ್ಲ. ಹಪ್ಪಳದ ಹಸಿ ಹಾಳೆಯಂತೆ ಬಳುಕಿ ಮತ್ತೆ ಸೆಟೆಯಿತು. ಬೆಳಕಿಗೆ ಹಿಡಿದಳು. ಅಂಚು ಅಲೆಯಲೆ.

ಒಂದು ಹೊಪ್ಪಳೆ ಸಾಲದು. ಹನ್ನೆರಡು ನೋಡಿದಳು. ಹನ್ನೆರಡೂ ಹಾಗೆಯೇ. ಕಾಯಿಯ ತೊಟ್ಟಿಗೆ ಅಂಟಿಕೊಂಡಿದ್ದ ಎಲೆಯನ್ನು ಬುಡದ ಬಳಿ ಸಿಕ್ಕ ಎಲೆಯ ಪಕ್ಕ ಇಟ್ಟು ಅಳೆದಳು. ಅದೇ ಉದ್ದ, ಅದೇ ನಾಲ್ಕು ಮೂಲೆ. ಹಸಿರಿನಲ್ಲೇ ಬಣ್ಣ ಬಳಿಸಿಕೊಂಡಿದ್ದ ಈ ಎಲೆಯಲ್ಲಿ ಬಿಳಿ ಸಾಲುಗಳು ಮಾಸಿರಲಿಲ್ಲ. ಎರಡು ಮುಖಕ್ಕೆ ಐದೈದು, ಎರಡು ಮುಖಕ್ಕೆ ಒಂದೊಂದು. ಲಿಜಿಯಾಂಗ್ ಸ್ಪ್ರೂಸ್. ಚೀನಾದ ಯುನ್ನಾನ್ ಬೆಟ್ಟಗಳ ಮರ.

ವರದಿಯನ್ನು ಕಂಪನಿಯ ಕಾಗದದ ಮೇಲೆ ಬರೆಯಲಿಲ್ಲ. ಮಗಳ ನೋಟ್‌ಬುಕ್ಕಿನಿಂದ ಎರಡು ಹಾಳೆ ತೆಗೆದು, ಪ್ರಯೋಗಾಲಯದ ನಮೂನೆಯಂತೆಯೇ ಗೆರೆ ಎಳೆದಳು: ಮಾದರಿ ಸಿಕ್ಕ ಜಾಗ, ಕಂಡ ಲಕ್ಷಣ, ತೀರ್ಮಾನ. ಕೊನೆಯಲ್ಲಿ ಎಂದಿನ ಎರಡು ಅಂಕಣ. ಗುರುತಿಸಿದವರು. ಪರಿಶೀಲಿಸಿದವರು. ಅಲ್ಲಿಗೆ ಬಂದಾಗ ಪೆನ್ನು ನಿಂತಿತು.

ಮಧುಕರನ ಕಾಗದ ಅವಳ ಚೀಲದಲ್ಲೇ ಸಹಿಯಿಲ್ಲದೆ ಉಳಿಯಿತು. ಸಂಜೆಯ ಗಡುವು ದಾಟಿ ಅವನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

ಶುಕ್ರವಾರ ಎಂಟೂವರೆಗೆ ನ್ಯಾಯಾಲಯದ ವರಾಂಡದಲ್ಲಿ ಕಿಪ್ರೋನೊ ಕಡತ ಹಿಡಿದು ನಿಂತಿದ್ದ. ಎನ್‌ಡುಕು ಮೆಟ್ಟಿಲ ಮೇಲೆ ಕೂತಿದ್ದಳು. ಕಿಪ್ರೋನೊ ವರದಿಯನ್ನು ಎರಡು ಸಲ ಓದಿದ, ಕಾಯಿಯನ್ನು ತಿರುಗಿಸಿ ನೋಡಿದ, ಅವಳು ಬುಡದಿಂದ ಕೆತ್ತಿ ತಂದಿದ್ದ ಬಿಳಿ ಚೆಕ್ಕೆಯನ್ನು ಮೂಸಿದ.

"ಇದು ಸರಿಯಿರಬಹುದು. ಆದರೆ ಕಡತದಲ್ಲಿರುವುದು ನಿಮ್ಮ ಪಟ್ಟಿ. ಅದು ಸೀಡರ್ ಅನ್ನುತ್ತದೆ. ನಾನು ಯಾವುದನ್ನು ನಂಬಲಿ?"

"ಮೂಲ ಪ್ರತಿ ಕೊಡಿ."

ಹಾಳೆಯನ್ನು ವರಾಂಡದ ಕಂಬಕ್ಕೆ ಒತ್ತಿ ಹಿಡಿದು, 'ಸೀಡರ್' ಎಂಬ ಪದದ ಮೇಲೆ ಅವಳು ಒಂದೇ ಒಂದು ಗೆರೆ ಎಳೆದಳು. ಪದ ಗೆರೆಯ ಅಡಿಯಿಂದ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಹೊಸ ಹೆಸರು, ಸಹಿ, ತಾರೀಖು. ಕಾರಣ ಎಂದು ಬರೆದು, ಮುಂದೆ ಮೂರೇ ಪದ: ನಾನು ಮರವನ್ನು ನೋಡಿರಲಿಲ್ಲ.

ಕಿಪ್ರೋನೊ ಅದನ್ನು ಓದಿ, ಮೊದಲ ಸಲ ಅವಳ ಮುಖ ನೋಡಿದ. ಆಮೇಲೆ ವರದಿಯ ಕೊನೆಗೆ ಬೆರಳಿಟ್ಟ. "ಇದೇನು? ಗುರುತಿಸಿದವರು: ಮುಟಿಸೊ. ಇವನು ಆರೋಪಿ ಅಲ್ಲವೇ?"

"ಹೌದು. ಚೀನಾದ ಮರ ಅಂತ ಮೊದಲು ಹೇಳಿದ್ದು ಅವನು. ಸೋಮವಾರವೇ ಹೇಳಿದ್ದಾನೆ. ನಾನು ಗುರುವಾರ ಪರಿಶೀಲಿಸಿದ್ದೇನೆ, ಅಷ್ಟೇ."

"ಕಡಿ ಅಂದವರು ಯಾರು?"

ಅದನ್ನೂ ಹೇಳಿದಳು. ಕಿಟಕಿ, ಎಂಜಲು ಕೈ, ಸ್ವಾಹಿಲಿಯ ನಾಲ್ಕು ಪದ, ತನ್ನ ಎರಡನೆಯ ಹೋಳಿಗೆ. ಕಿಪ್ರೋನೊ ಹೋಳಿಗೆಯನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡ.

ಆಗಸ್ಟಿನಲ್ಲಿ ಅವಳ ಪರ್ಮಿಟ್ ಫೈಲು ಮಧುಕರನ ಮೇಜಿನಿಂದ ಮೇಲೇಳಲಿಲ್ಲ. ಗಣೇಶನ ಹಬ್ಬಕ್ಕೆ ಆ ಹನ್ನೆರಡು ಜನರಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ಅದು ಆಮೇಲಿನ ಮಾತು. ಅಂದು ಬೆಳಿಗ್ಗೆ ಹತ್ತೂಕಾಲಿಗೆ, ಕಡಿದದ್ದು ಈ ನಾಡಿನ ರಕ್ಷಿತ ಮರವಲ್ಲವೆಂದು ಮೊಕದ್ದಮೆ ಬಿದ್ದುಹೋಯಿತು. ಮುಟಿಸೊ ಮೆಟ್ಟಿಲಿಳಿದು ಬಂದ. ನಾಲ್ಕು ದಿನದ ಬಿಳಿ ಗಡ್ಡ, ಬೆಲ್ಟು ಕಿತ್ತುಕೊಂಡಿದ್ದರಿಂದ ಒಂದು ಕೈಯಲ್ಲಿ ಪ್ಯಾಂಟು ಹಿಡಿದಿದ್ದ. ಕೆಮ್ಮು ನಿಲ್ಲುವವರೆಗೂ ಹೆಂಡತಿಯ ಭುಜ ಹಿಡಿದು ನಿಂತ.

ಭಾನುಮತಿ "ಪೋಲೆ, ಮ್ಜೇ" ಎಂದಳು. ಕ್ಷಮಿಸಿ, ಹಿರಿಯರೇ.

ಅವನು ಅಸಾಂಟೆ, ಧನ್ಯವಾದ, ಎನ್ನಲಿಲ್ಲ. ಹೇಳಲೇಬೇಕೆಂದು ಯಾವ ಕಾನೂನೂ ಇಲ್ಲ.

"ನೀವು ಪಟ್ಟಿ ಬರೆದ ದಿನ ನಾನು ನಿಮ್ಮ ಹಿಂದೆಯೇ ಬರುತ್ತಿದ್ದೆ, ಮಾಮಾ," ಎಂದ. "ಕೊಡೆ ಹಿಡಿದುಕೊಂಡು. ಕೇಳಿದ್ದರೆ ಹೇಳುತ್ತಿದ್ದೆ."

ಅವಳಿಗೆ ಕೊಡೆ ನೆನಪಿತ್ತು. ಹಿಡಿದವನ ಮುಖ ನೆನಪಿರಲಿಲ್ಲ.

ಮುಟಿಸೊ ಅವಳ ಕೈಯಲ್ಲಿದ್ದ ಕಾಯಿಯತ್ತ ಗಲ್ಲ ಎತ್ತಿದ. "ಅದರಲ್ಲಿ ಬೀಜ ಇದೆಯಾ? ನೆಟ್ಟರೆ ಬರುತ್ತದಾ?"

"ಇಲ್ಲ. ಎಲ್ಲ ಜೊಳ್ಳು. ಒಂಟಿ ಮರವಲ್ಲವೇ, ಪರಾಗಕ್ಕೆ ಜತೆ ಮರವಿರಲಿಲ್ಲ."

ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ನೋಡಿ ಹೇಳುತ್ತಿದ್ದೀರಾ?"

"ಒಂದೊಂದನ್ನೂ ಒಡೆದು ನೋಡಿದ್ದೇನೆ," ಎಂದಳು ಭಾನುಮತಿ.